ಅಬೆಲಿನೊಗೆ ಆ ಹನ್ನೆರಡು ಪದ ಸಿಕ್ಕಿರಲಿಲ್ಲ

ಹೆಸರು: ರುತಿಲಿಯಾ ಮೆನ್‌ಹಿವಾರ್, ಗಂಡ ಅಬೆಲಿನೊ ಮೆನ್‌ಹಿವಾರ್. ವಯಸ್ಸು: ಐವತ್ತು. ಕಸುಬು: ಮನೆಯ ಮುಂದೆ ಪುಪುಸಾ ರೊಟ್ಟಿ ಸುಟ್ಟು ಮಾರುವುದು. ವಾಸ: ಇಗರ್ಜಿಯ ಹಿಂದಿನ ಎರಡನೇ ಮನೆ, ಎಸ್ಕೋಬಾಲ್ ಕಡಲತೀರ, ಲಾ ಲಿಬೆರ್ತಾದ್, ಎಲ್ ಸಾಲ್ವಡಾರ್. ಊರ ಶಾಲೆಯಲ್ಲಿ ಆರನೇ ತರಗತಿಯವರೆಗೆ ಓದಿದ್ದೇನೆ. ದೇವರನ್ನು ಮುಂದಿಟ್ಟುಕೊಂಡು ಈ ಠಾಣೆಯಲ್ಲಿ ಹೇಳಿ ಬರೆಸುವುದೇನೆಂದರೆ,

ನಮ್ಮ ಒಬ್ಬಳೇ ಮಗಳು ನೊಹೆಮಿ, ಇಪ್ಪತ್ತನಾಲ್ಕು ವರ್ಷ, ವಿದೇಶಿಯರು ಬಂದು ಇಳಿಯುವ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಅವರು ಭಕ್ಷೀಸನ್ನು ಬಿಟ್‌ಕಾಯಿನ್ನಿನಲ್ಲಿ ಕೊಡುತ್ತಿದ್ದರು. ಅದನ್ನು ಫೋನಿನಲ್ಲಿ ಕೂಡಿಡುತ್ತಿದ್ದಳು. ಫೋನು ಹೋದರೆ ಆ ಗಂಟನ್ನು ತೆರೆಯಲು ಹನ್ನೆರಡು ಪದಗಳನ್ನು ಕ್ರಮ ತಪ್ಪದೆ ಹೇಳಬೇಕು. ಆ ಪದಗಳ ಚೀಟಿಯನ್ನು ಫೋನಿನ ಕವಚದೊಳಗೇ ಇಟ್ಟಿದ್ದಳು. ಮಾರ್ಚ್ 9ರಂದು ಅವಳಿದ್ದ ಬಸ್ಸು ಕರಾವಳಿ ರಸ್ತೆಯಲ್ಲಿ ಮಗುಚಿ ಹೊತ್ತಿಕೊಂಡಿತು. ಫೋನೂ ಚೀಟಿಯೂ ಸುಟ್ಟುಹೋದವು. ಶವಪೆಟ್ಟಿಗೆಯನ್ನು ತೆರೆಯಬೇಡಿ ಎಂದರು. ನಾವು ತೆರೆಯಲಿಲ್ಲ.

ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮರುದಿನ ನನ್ನ ಗಂಡ ಕ್ಲೆಮೆಂತೆಯ ಫೋನ್ ರಿಪೇರಿ ಅಂಗಡಿಗೆ ಹೋದರು. ನೊಹೆಮಿಯ ಜ್ಞಾನಸ್ನಾನದಲ್ಲಿ ಎರಡನೇ ಅಪ್ಪನಾಗಿ ನಿಂತವನು ಕ್ಲೆಮೆಂತೆ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾ ಎಂದೇ ಕರೆಯುತ್ತಿದ್ದರು. ಅಲ್ಲಿ ಎರಡು ಸಾವಿರ ಚಿಲ್ಲರೆ ಪದಗಳ ಪಟ್ಟಿ ಇತ್ತು. ಎಲ್ಲವೂ ಹಗ್ಗ, ಮೋಡ, ಆಮೆ ಎಂಬಂಥ ಸಾದಾ ಪದಗಳು. ನೊಹೆಮಿಯ ಹನ್ನೆರಡೂ ಅದರಲ್ಲಿಯೇ ಇದ್ದವು. ನನ್ನ ಗಂಡ ಮನೆಗೆ ಬಂದು, ಅವಳನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋನು ನಾನು, ಅವಳು ಯಾವುದನ್ನ ಆರಿಸಿರ್ತಾಳೆ ಅಂತ ನಂಗೆ ಗೊತ್ತಾಗಲ್ವೇನೇ ಎಂದರು.

ಅಂದಿನಿಂದ ದಿನಾ ಮೀನು ಹಿಡಿದು ಮಾರಿ ಬಂದು ಅಲ್ಲಿ ಕೂರುತ್ತಿದ್ದರು. ಊಟಕ್ಕೆ ಕುಳಿತಾಗ, ಅವಳಿಗೆ ಆಮೆ ಇಷ್ಟಾನೋ ಏಡಿ ಇಷ್ಟಾನೋ, ತಲೆ ಬಾಚ್ಕೊಳ್ಳೋವಾಗ ಯಾವ ಹಾಡು ಹೇಳ್ತಿದ್ಳು ಎಂದು ಕೇಳುತ್ತಿದ್ದರು. ಒಮ್ಮೆ ನಾನು ಬೆಕ್ಕು ಎಂದೆ, ಅವರು ನಾಯಿ ಎಂದರು, ಎರಡು ದಿನ ಮಾತು ಬಿಟ್ಟೆವು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಮೇಣದಬತ್ತಿ ಹಚ್ಚಿದರು. ಆ ಸಂತರಿಗೆ ಬೇರೆ ಕೆಲಸ ಇಲ್ವಾ ಎಂದು ನಾನು ಬೈದೆ. ಆಗಸ್ಟ್ ತಿಂಗಳಲ್ಲಿ ಒಂದು ದಿನ ತಟ್ಟೆ ಸರಿಸಿ, ಅವಳು ನಂಗೆ ಗೊತ್ತೇ ಇರಲಿಲ್ಲ ಕಣೇ, ಯಾರದೋ ಮಗಳನ್ನ ಸಾಕಿದೆ ಅನ್ನಿಸ್ತಿದೆ ಎಂದರು.

ನವೆಂಬರ್ 12, ಶನಿವಾರ, ಮಧ್ಯಾಹ್ನ ಅಂಗಡಿಗೆ ಬುತ್ತಿ ಕೊಂಡುಹೋದಾಗ ಇಬ್ಬರ ಮಾತನ್ನು ನನ್ನ ಕಿವಿಯಾರೆ ಕೇಳಿದೆ. ಕ್ಲೆಮೆಂತೆ, ಕೊಂಪಾ, ಬೈಕೋಬೇಡ, ಆ ಪದಗಳನ್ನ ನೊಹೆಮಿ ಆರಿಸ್ಲೇ ಇಲ್ಲ ಎಂದ. ಮತ್ತೆ ನೀನು ಆರಿಸಿದ್ಯಾ ಎಂದು ನನ್ನ ಗಂಡ ಎದ್ದು ನಿಂತರು. ಯಾರೂ ಆರಿಸಿಲ್ಲ ಮಾರಾಯ, ಚೀಲದಲ್ಲಿ ಎಲ್ಲಾ ಪದದ ಚೀಟಿ ಹಾಕಿ ಕಣ್ಣುಮುಚ್ಚಿ ಒಂದು ಎತ್ತು, ಮತ್ತೆ ಒಳಗೆ ಹಾಕು, ಕುಲುಕು, ಇನ್ನೊಂದು ಎತ್ತು, ಹಿಂಗೆ ಹನ್ನೆರಡು ಸಲ, ಯಂತ್ರ ಮಾಡಿದ್ದು ಅಷ್ಟೇ, ಅದರಲ್ಲಿ ಅವಳ ಮನಸ್ಸಿಲ್ಲ, ಇಷ್ಟ ಇಲ್ಲ, ಹುಟ್ಟಿದ ದಿನ ಇಲ್ಲ ಎಂದ. ಹಂಗಾದ್ರೆ ಒಂದೊಂದಾಗಿ ಎಲ್ಲಾ ನೋಡ್ತಾ ಹೋಗ್ತೀನಿ ಎಂದು ಇವರು ಹೇಳಿದರು. ಲೋಕದ ಯಂತ್ರಗಳನ್ನೆಲ್ಲ ತಂದು ಆದಾಮನ ಕಾಲದಿಂದ ಕೂರಿಸಿದ್ರೂ ಒಂದು ಮೂಲೆ ಗುಡಿಸಿದಂಗೂ ಆಗ್ತಿರಲಿಲ್ಲ, ನೀನು ಮೀನು ಎಲ್ಲಿದೆ ಅಂತ ಹೆಂಗೆ ಕಂಡುಹಿಡೀತೀಯ ಎಂದು ಅವನು ಕೇಳಿದ. ಹಕ್ಕಿ ನೋಡ್ತೀನಿ, ನೀರಿನ ಬಣ್ಣ ನೋಡ್ತೀನಿ ಎಂದರು. ಇಲ್ಲಿ ಹಕ್ಕಿ ಇಲ್ಲ, ಬಣ್ಣ ಇಲ್ಲ, ಹನ್ನೊಂದು ಸರಿ ಇಟ್ಟು ಒಂದೇ ಒಂದು ತಪ್ಪಿದ್ರೂ ಹತ್ರ ಬಂದೆ ಅಂತ ಅದು ಹೇಳಲ್ಲ, ನೊಹೆಮೀನೇ ಎದ್ದು ಬಂದ್ರೂ ಚೀಟಿ ನೋಡದೆ ಹೇಳಕ್ಕಾಗ್ತಿರಲಿಲ್ಲ ಎಂದ.

ನನ್ನ ಗಂಡ ಮತ್ತೆ ಕುಳಿತರು. ಆಮೇಲೆ, ಹಂಗಾದ್ರೆ ನಾನು ಅವಳನ್ನ ಅರೀಲಿಲ್ಲ ಅಂತ ಅಲ್ಲ, ಅಲ್ವಾ ಎಂದು ಕೇಳಿದರು. ಅಲ್ಲ ಕೊಂಪಾ ಎಂದು ಅವನು ಅತ್ತ.

ಆ ಸಂಜೆ ನನ್ನ ಗಂಡ ಒಲೆಯ ಪಕ್ಕ ಕುಳಿತು ಬಂದವರಿಗೆಲ್ಲ ದುಡ್ಡು ತೆಗೆದುಕೊಳ್ಳದೆ ಪುಪುಸಾ ಹಂಚಿದರು. ನೊಹೆಮಿಯ ಕಥೆ ಹೇಳಿ ನಕ್ಕರು, ನಗಿಸಿದರು. ಎದುರುಮನೆಯ ಎದುವಿಹೆಸ್, ಏನ್ ಅಬೆಲಿನೊ, ಗಂಟು ಕೈಗೆ ಬಂತಾ, ನಮ್ಮನ್ನ ಮರೀಬೇಡಪ್ಪಾ ಎಂದು ಕೆಣಕಿದಳು. ಬಂತು ಅಂತ್ಲೇ ಇಟ್ಕೋ, ಎರಡು ತಿನ್ನೋಳು ನಾಲ್ಕು ತಿನ್ನು ಎಂದು ಇವರು ತಮಾಷೆ ಮಾಡಿದರು. ಊರಿಗೆ ಅಷ್ಟೇ ಸಾಕಾಯಿತು.

ನವೆಂಬರ್ 15, ಮಂಗಳವಾರ, ಬೆಳಗಿನ ನಾಲ್ಕಕ್ಕೆ ಒಬ್ಬರೇ ದೋಣಿ ತೆಗೆದುಕೊಂಡು ಹೋದರು. ಜೊತೆಗೆ ಒಯ್ದದ್ದು ನಾಲ್ಕು ಜೋಳದ ರೊಟ್ಟಿ, ಒಂದು ಡಬ್ಬ ನೀರು, ಹಳೇ ಜಾಕೆಟ್ಟು. ಗುರುತಿನ ಚೀಟಿ ಮನೆಯಲ್ಲೇ ಇತ್ತು, ಇದರ ಜೊತೆ ಕೊಟ್ಟಿದ್ದೇನೆ. ಹತ್ತು ಗಂಟೆಗೆ ಉತ್ತರದಿಂದ ಬಡಗಾಳಿ ಎದ್ದಿತು. ಅವರು ಬರಲಿಲ್ಲ. ಬಂದರಿನ ಎರಡು ದೋಣಿಗಳು ಸಂಜೆಯವರೆಗೆ ತೀರದುದ್ದಕ್ಕೂ ಹುಡುಕಿದವು.

ಬುಧವಾರ ಯಾವ ದೋಣಿಯೂ ಹೊರಡಲಿಲ್ಲ. ಕೇಳಿದ್ದಕ್ಕೆ ಠಾಣಾಧಿಕಾರಿಗಳು, ನಿಮ್ಮ ಯಜಮಾನ್ರಿಗೆ ಮಗಳ ದುಡ್ಡಿನ ಗುಟ್ಟು ಸಿಕ್ಕಿದೆ, ಊರೆಲ್ಲಾ ಹೇಳ್ತಿದೆ, ಗ್ವಾಟೆಮಾಲಾದಲ್ಲಿ ಆರಾಮಾಗಿರ್ತಾರೆ, ಮನೆಗೆ ಹೋಗಿ ಅಮ್ಮಾ ಎಂದರು. ಕ್ಲೆಮೆಂತೆ ಬಂದು, ನೊಹೆಮಿಯ ಹಣ ಇದ್ದಲ್ಲೇ ಇದೆ, ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು, ಪದಗಳಿಲ್ಲದೆ ಯಾರೂ ಮುಟ್ಟಲಾಗದು ಎಂದು ತನ್ನ ಫೋನಿನಲ್ಲಿ ತೋರಿಸಿದ. ಜಾಣ ಆದ್ರೆ ಕಾದು ತೆಗೀತಾನೆ ಬಿಡಪ್ಪಾ ಎಂದು ಅಧಿಕಾರಿಗಳು ನಕ್ಕರು.

ಊರಿನವರ ಮಾತು ನಿಜವಾದರೆ ನನ್ನ ಗಂಡ ಬದುಕಿದ್ದಾರೆ, ಎಲ್ಲೋ ಕುಳಿತು ಬಿಸಿ ಊಟ ಮಾಡುತ್ತಿದ್ದಾರೆ. ನನ್ನ ಮಾತು ನಿಜವಾದರೆ ಅವರು ಕಡಲಿನಲ್ಲಿದ್ದಾರೆ. ಊರಿನವರ ಮಾತೇ ನಿಜವಾಗಲಿ ಎಂದು ನಿನ್ನೆ ಇಡೀ ರಾತ್ರಿ ಮೊಣಕಾಲೂರಿ ಬೇಡಿದೆ. ಆದರೆ ಮನುಷ್ಯರು ಆರಿಸದೇ ಇದ್ದದ್ದನ್ನು ಮನುಷ್ಯರು ಊಹಿಸಲಾರರು. ದೇವರಿಗೆ ಆ ಪದಗಳು ಗೊತ್ತಿವೆ, ದೇವರು ಅವರಿಗೆ ಹೇಳಲಿಲ್ಲ. ಆದ್ದರಿಂದ ಠಾಣೆಯ ಪುಸ್ತಕದಲ್ಲಿ ಓಡಿಹೋದವನು ಎಂದು ಬರೆದಿರುವುದನ್ನು ಹೊಡೆದುಹಾಕಿ ದೋಣಿ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬಡಗಾಳಿ ಇನ್ನೂ ನಿಂತಿಲ್ಲ, ಅದು ದೋಣಿಯನ್ನು ತೀರದಿಂದ ಆಚೆಗೆ ನೂಕುತ್ತದೆ. ತೀರದಲ್ಲಿ ಹುಡುಕದೆ ನೇರವಾಗಿ ದಕ್ಷಿಣಕ್ಕೆ ಹೋಗಬೇಕು. ಡಬ್ಬದ ನೀರು ಇಂದಿಗೆ ಮುಗಿದಿರುತ್ತದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲವೂ ಸತ್ಯ.

ಸ್ಥಳ: ಎಸ್ಕೋಬಾಲ್ ಠಾಣೆ
ದಿನಾಂಕ: 17 ನವೆಂಬರ್ 2022, ಬೆಳಿಗ್ಗೆ 7 ಗಂಟೆ
ಸಹಿ: ರುತಿಲಿಯಾ ಮೆನ್‌ಹಿವಾರ್