ನಾಲ್ಕು ಬೆರಳಿನ ಮಡಿಕೆ

ಮಾನ್ಯ ಅಧ್ಯಕ್ಷರೇ, ಬೇರೆ ಕಡೆ ಕೆಲಸವಿದ್ದರೂ ನನ್ನ ಮಾತು ಮುಗಿಯುವವರೆಗೆ ಏಳುವುದಿಲ್ಲ ಎಂದು ಒಪ್ಪಿಕೊಂಡಿರುವ ಮುಖ್ಯ ಅತಿಥಿಗಳೇ, ಸಿದ್ಧ ಉಡುಪು ವರ್ತಕರ ಸಂಘದ ಹಿರಿಯರೇ, ಕಿರಿಯರೇ, ಕೊನೆಯ ಸಾಲಿನಲ್ಲಿ ಒತ್ತಿಕೊಂಡು ಕೂತಿರುವ ನಮ್ಮ ಅಂಗಡಿಯ ಹೊಲಿಗೆಯವರೇ, ಸಭಿಕರೇ,

ನಾನು ಯಾರು ಎಂದು ನಿರೂಪಕರು ಈಗಷ್ಟೇ ಓದಿದರು. ದಿವಂಗತ ಉದ್ಯಮಿಯೊಬ್ಬರ ಪತ್ನಿ, ಯಶಸ್ವಿ ಉದ್ಯಮಿಯೊಬ್ಬರ ತಾಯಿ ಎಂದರು. ಎರಡೂ ಸುಳ್ಳಲ್ಲ. ಆದರೆ ಅದರಲ್ಲಿ ನಾನು ಎಲ್ಲಿದ್ದೇನೆ? ಆದ್ದರಿಂದ ನಾನೇ ಹೇಳುತ್ತೇನೆ. ನಾನು ಹತ್ತನೇ ತರಗತಿ ಪಾಸಾದವಳು, ಅದೂ ಮೊದಲನೇ ಸಲಕ್ಕೆ. ನಲವತ್ತೆಂಟು ವರ್ಷಗಳಿಂದ ಈ ಊರಿನ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿಸಿ ಕೊಟ್ಟವಳು. ಅಂಗಡಿಯ ಕಾಗದಪತ್ರ ನನ್ನ ಹೆಸರಿನಲ್ಲಿದೆ, ಬೀಗದ ಕೈ ಈ ಚೀಲದಲ್ಲಿದೆ. ಇಲ್ಲಿ ಕೂತಿರುವವರಲ್ಲಿ ಕಡಿಮೆಯೆಂದರೂ ಮೂವತ್ತು ಜನರ ಸೊಂಟದ ಅಳತೆ ನನಗೆ ಗೊತ್ತು. ಅಧ್ಯಕ್ಷರದ್ದೂ ಗೊತ್ತು, ಮೂರನೇ ತರಗತಿಯದ್ದು. ಈಗಿನದ್ದು ಅವರಿಗೇ ಗೊತ್ತಿರಲಿಕ್ಕಿಲ್ಲ.

ನಗಿ, ಪರವಾಗಿಲ್ಲ. ಆಮೇಲೆ ನಗುವುದಕ್ಕೆ ಹೆಚ್ಚು ಅವಕಾಶ ಸಿಗಲಾರದು.

ಇವತ್ತು ನೀವು ನನಗೆ ಫಲಕ ಕೊಟ್ಟಿದ್ದೀರಿ. ಮಾತಾಡಲು ವಿಷಯವನ್ನೂ ಕೊಟ್ಟಿದ್ದೀರಿ: 'ಆಶಾವಾದ ಮತ್ತು ಮೌಲ್ಯಗಳು, ಬದುಕಿನಲ್ಲಿ ಹಾಗೂ ವ್ಯಾಪಾರದಲ್ಲಿ'. ನನಗೆ ಕಷ್ಟವಾಗದಿರಲಿ ಎಂದು ನನ್ನ ಮಗ ಭಾಷಣವನ್ನೂ ಬರೆಸಿ ಕೊಟ್ಟಿದ್ದಾನೆ. ಇಗೋ, ಮೂರು ಪುಟ, ಒಳ್ಳೆಯ ದಪ್ಪ ಕಾಗದ. ಇದರಲ್ಲಿ ಆಶಾವಾದ ಎಂಬ ಮಾತು ಒಂಬತ್ತು ಸಲ ಬಂದಿದೆ, ಮೌಲ್ಯ ಹನ್ನೊಂದು ಸಲ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಎಣಿಸಿದೆ. ಬಟ್ಟೆ ಎಂಬ ಮಾತು ಒಂದು ಸಲವೂ ಬಂದಿಲ್ಲ. ಬಟ್ಟೆಯಿಲ್ಲದೆ ದರ್ಜಿಯ ಹೆಂಡತಿ ಏನು ಮಾತಾಡಬೇಕು? ನೋಡಿ, ಮಡಚಿದೆ. ಚೀಲದೊಳಗೆ ಹೋಯಿತು.

ಆಮಂತ್ರಣ ಪತ್ರಿಕೆಯ ಕೊನೆಯ ಸಾಲನ್ನು ನೀವೆಲ್ಲ ಓದಿದ್ದೀರಿ. ನನ್ನ ಮಾತು ಮುಗಿದ ಮೇಲೆ, ನನ್ನ ಯಜಮಾನರು ಬಟ್ಟೆ ಕತ್ತರಿಸುತ್ತಿದ್ದ ದೊಡ್ಡ ಕತ್ತರಿಯನ್ನು ನಾನು ಮಗನ ಕೈಗೆ ಕೊಡಬೇಕು, ಅಲ್ಲಿಂದ ಅಂಗಡಿ ಅವನದ್ದು ಎಂದಿದೆ. ಮೇಜಿನ ಮೇಲಿರುವ ಆ ಉದ್ದನೆಯ ಪೆಟ್ಟಿಗೆ ಅದಕ್ಕಾಗಿಯೇ ಬಂದದ್ದು. ಅದನ್ನು ಆಗಿನಿಂದ ಎಲ್ಲರೂ ಕದ್ದು ನೋಡುತ್ತಿದ್ದೀರಿ. ಇರಲಿ. ಪೆಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಬಟ್ಟೆಯ ವಿಷಯ ಮಾತಾಡೋಣ.

ನಮ್ಮ ಅಂಗಡಿಯಲ್ಲಿ ಒಂದು ಕ್ರಮವಿದೆ. ಮಗುವಿನ ಅಳತೆ ತೆಗೆದ ಮೇಲೆ ಪ್ಯಾಂಟಿನ ಕಾಲಿಗೆ, ಲಂಗದ ಅಂಚಿಗೆ ನಾಲ್ಕು ಬೆರಳು ಬಟ್ಟೆಯನ್ನು ಹೆಚ್ಚಾಗಿ ಬಿಟ್ಟು ಒಳಕ್ಕೆ ಮಡಿಸಿ ಹೊಲಿಯುತ್ತೇವೆ. ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು. ಮರು ವರ್ಷ ಮಗು ಉದ್ದವಾದಾಗ ತಾಯಿ ಅದನ್ನು ತರುತ್ತಾಳೆ. ಅಂಗಡಿಯ ಪಕ್ಕದ ಗೋಡೆಯಲ್ಲಿ ಒಂದು ಕಿಟಕಿಯಿದೆ. ಅಲ್ಲಿ ಕೊಟ್ಟರೆ ಮಡಿಕೆ ಬಿಚ್ಚಿ, ಉದ್ದ ಮಾಡಿ, ಇಸ್ತ್ರಿ ಹಾಕಿ ಕೊಡುತ್ತೇವೆ. ಪುಕ್ಕಟೆ. ಒಂದು ಸಮವಸ್ತ್ರ ಮೂರು ವರ್ಷ ಬರುತ್ತದೆ. ಅಣ್ಣನದ್ದು ತಮ್ಮನಿಗೂ ಬರುತ್ತದೆ.

'ಇದೆಂಥ ವ್ಯಾಪಾರ?' ಎಂದು ಈ ಸಂಘದಲ್ಲೇ ಎಷ್ಟೋ ಜನ ಕೇಳಿದ್ದೀರಿ. ಬಾಗಿಲಿಗೆ ಬಂದ ಗಿರಾಕಿಯನ್ನು ಏನೂ ಮಾರದೆ ವಾಪಸು ಕಳಿಸುವವರುಂಟೇ? ಉಂಟು. ನಾವಿದ್ದೇವೆ. ವರ್ಷಗಟ್ಟಲೆ ಹಾಗೆ ಕಳಿಸಿಯೂ ಇದ್ದೇವೆ. ನಮ್ಮನ್ನು ಕೇಳಿದವರಲ್ಲಿ ಎಷ್ಟು ಅಂಗಡಿ ಉಳಿದಿವೆ ಎಂದು ನಾನು ಕೇಳುವುದಿಲ್ಲ. ಅದು ಸಭ್ಯತೆಯಲ್ಲ.

ಆ ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು ಒಬ್ಬಳೇ ಹೆಂಗಸು. ಊರಿಗೆಲ್ಲ ಅವಳು ಕಿಟಕಿ ಅಕ್ಕ. ಮಡಿಕೆ ಬಿಚ್ಚುತ್ತಾ ಮಕ್ಕಳನ್ನು ಬೈಯುವುದು ಅವಳ ರೂಢಿ. 'ಏನೋ, ಈ ವರ್ಷ ಎರಡೇ ಬೆರಳಾ? ಊಟ ಮಾಡ್ತೀಯೋ, ತಟ್ಟೆ ನೋಡಿ ಎದ್ದು ಬರ್ತೀಯೋ?' ಎನ್ನುತ್ತಿದ್ದಳು. ಬೈಸಿಕೊಳ್ಳುವುದಕ್ಕೆಂದೇ ಮಕ್ಕಳು ತಾಯಂದಿರ ಜೊತೆ ಬರುತ್ತಿದ್ದವು.

ಈಗ ನಾನು ಹೇಳಬಾರದೆಂದುಕೊಂಡಿದ್ದ ಸಂಗತಿಗೆ ಬರುತ್ತೇನೆ. ಈ ಕ್ರಮವನ್ನು ನನ್ನ ಯಜಮಾನರು ಶುರು ಮಾಡಿದರು ಎಂದು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದೆ. ತಪ್ಪು. ಅವರು ಒಳ್ಳೆಯ ಕಟಿಂಗ್ ಮಾಸ್ಟರ್, ಕೈ ತುಂಬಾ ಬಿಗಿ. ಒಂದು ಬೆರಳಿಗಿಂತ ಹೆಚ್ಚು ಬಟ್ಟೆ ಬಿಟ್ಟವರಲ್ಲ. ಶುರುವಾದದ್ದು ನನ್ನಿಂದ, ಒಂದು ಪ್ಯಾಂಟಿನಿಂದ.

ನಮ್ಮ ಮಗನಿಗೆ ಆಗ ಏಳು ವರ್ಷ. ಮೂರು ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಮಂಚದ ಕಬ್ಬಿಣಕ್ಕೆ ಹಸಿರು ಬಣ್ಣ ಬಳಿದಿದ್ದರು. ಅದನ್ನು ಉಗುರಿನಿಂದ ಕೆರೆಯುತ್ತಾ ಮಲಗಿರುತ್ತಿದ್ದ. ಒಂದು ಬೆಳಿಗ್ಗೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. 'ಶಾಲೆ ಗೀಲೆ ಅಂತ ಮುಂದಿನ ಯೋಚನೆ ಈಗ ಬೇಡಮ್ಮಾ. ಒಂದೊಂದೇ ದಿನ ನೋಡ್ಕೊಂಡು ಹೋಗೋಣ' ಎಂದರು. ನನ್ನ ಯಜಮಾನರು ಗೋಡೆಗೆ ಒರಗಿಕೊಂಡರು. ನಾನು ಮನೆಗೆ ಹೋದೆ.

ಮನೆಗೆ ಹೋಗಿ ಏನು ಮಾಡಿದೆ? ಶಾಲೆಯ ಬೂದು ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. ಮಗನ ಅಳತೆಗೆ ಪ್ಯಾಂಟು ಕತ್ತರಿಸಿದೆ. ಹಿಂದೆಯೇ ಬಂದ ಯಜಮಾನರು ನೋಡುತ್ತಾರೆ, ಕಾಲಿನ ಅಂಚಿಗೆ ಆರು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೇನೆ.

'ಏನಿದು? ಡಾಕ್ಟರು ಹೇಳಿದ್ದು ನಿಂಗೆ ಕೇಳಿಸ್ಲಿಲ್ವಾ?' ಎಂದರು.

'ಕೇಳಿಸ್ತು.'

'ಮತ್ತೆ ಇಷ್ಟು ಬಟ್ಟೆ ಯಾರಿಗೆ ಬಿಡ್ತಾ ಇದ್ದೀಯ?'

'ಅವರು ಡಾಕ್ಟರು. ದರ್ಜಿ ಅಲ್ಲ' ಎಂದೆ.

ಇದೇ ಆಶಾವಾದ ಎಂದು ನೀವು ಚಪ್ಪಾಳೆ ತಟ್ಟಬೇಡಿ. ನಿಜ ಹೇಳಲೇ? ನನಗೆ ಆಶೆ ಇರಲಿಲ್ಲ. ಕೈ ನಡುಗುತ್ತಿತ್ತು. ನಾಲ್ಕು ಬೆರಳು ಬಿಡಬೇಕೆಂದು ಹೊರಟವಳು ನಡುಕದಲ್ಲಿ ಆರು ಬಿಟ್ಟಿದ್ದೆ. ನಲವತ್ತೆಂಟು ವರ್ಷದಲ್ಲಿ ನಾನು ತಪ್ಪಾಗಿ ಕತ್ತರಿಸಿದ್ದು ಅದೊಂದೇ. ಆದರೆ ಯಜಮಾನರ ಮುಂದೆ ತಪ್ಪು ಎಂದು ಒಪ್ಪಿಕೊಳ್ಳುವವಳೇ ನಾನು? ಬೇಕೆಂದೇ ಬಿಟ್ಟೆ ಎಂದೆ. ಹಟಕ್ಕೆ ಹೊಲಿದೆ. ಆಸ್ಪತ್ರೆಗೆ ಒಯ್ದು ಅವನ ಮಂಚದ ಕಬ್ಬಿಣಕ್ಕೆ ನೇತುಹಾಕಿದೆ. ಕಣ್ಣು ಬಿಟ್ಟಾಗಲೆಲ್ಲ ಅವನಿಗೆ ಅದೇ ಕಾಣಬೇಕು. ನನಗೂ ಅದೇ ಕಾಣಬೇಕು. ಆಶೆ ಮೊದಲು ಹುಟ್ಟಿ ಕೆಲಸ ಆಮೇಲೆ ಮಾಡುವುದಲ್ಲ, ಸಭಿಕರೇ. ಕೆಲಸ ಮೊದಲು ಮಾಡಿಬಿಡಬೇಕು. ಆಶೆ ನಾಚಿಕೊಂಡು ಹಿಂದೆಯೇ ಬರುತ್ತದೆ.

ಅವನು ಎದ್ದ. ಹೇಗೆ ಎದ್ದ ಎಂದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಪ್ಯಾಂಟಿನಿಂದ ಎದ್ದ ಎಂದು ಹೇಳುವಷ್ಟು ಮೂಢಳಲ್ಲ ನಾನು. ಎದ್ದ, ಅಷ್ಟೇ. ಆ ಪ್ಯಾಂಟು ಹಾಕಿಕೊಂಡು ಶಾಲೆಗೆ ಹೋದ. ಮೂರು ಸಲ ಮಡಿಕೆ ಬಿಚ್ಚಿದೆ. ನಾಲ್ಕನೇ ಸಲ ಬಿಚ್ಚೋಣವೆಂದು ತಿರುವಿದರೆ ಒಳಗೆ ಬಟ್ಟೆಯೇ ಉಳಿದಿಲ್ಲ! ಅವತ್ತು ಹೊಲಿಗೆ ಯಂತ್ರಕ್ಕೆ ಎಣ್ಣೆ ಹೆಚ್ಚಾಗಿತ್ತು, ಹೊಗೆಯಾಡಿ ಕಣ್ಣು ಉರಿಯಿತು. ಯಜಮಾನರು ನೋಡಿದರು. ಮರುದಿನ ತಾವೇ ಕೂತು ಅಂಗಡಿಯ ರಟ್ಟಿನ ಅಚ್ಚುಗಳನ್ನೆಲ್ಲ ಹೊಸದಾಗಿ ಮಾಡಿದರು. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವಲ್ಲ, ಆ ಅಚ್ಚುಗಳು. ಎಲ್ಲದಕ್ಕೂ ನಾಲ್ಕು ಬೆರಳು ಹೆಚ್ಚು. ನಮ್ಮ ಯಜಮಾನರು ನನ್ನ ಮಾತನ್ನು ಒಪ್ಪಿಕೊಂಡದ್ದು ಹಾಗೆ. ಬಾಯಲ್ಲಿ ಒಪ್ಪಿದವರಲ್ಲ, ರಟ್ಟಿನಲ್ಲಿ ಒಪ್ಪಿದರು.

ಈ ಕಥೆಯನ್ನು ನನ್ನ ಮಗ ಇವತ್ತೇ ಮೊದಲು ಕೇಳುತ್ತಿದ್ದಾನೆ. ಹೇಳಿದರೆ ತಲೆಗೇರಿಸಿಕೊಳ್ಳುತ್ತಾನೆ ಎಂದು ಹೇಳಲಿಲ್ಲ. ಎಷ್ಟು ಬಟ್ಟೆ ಬಿಡಬೇಕು ಎಂದು ಕಲಿಸಿದೆ, ಯಾಕೆ ಬಿಡಬೇಕು ಎಂದು ಕಲಿಸಲಿಲ್ಲ. ಆ ತಪ್ಪು ನನ್ನ ಲೆಕ್ಕಕ್ಕೆ ಇರಲಿ. ಉಳಿದದ್ದು ಅವನ ಲೆಕ್ಕಕ್ಕೆ.

ಏಳಬೇಡ, ಕೂತ್ಕೋ. ಮುಗಿದಿಲ್ಲ.

ಹೋದ ವರ್ಷ ನನಗೆ ಮಂಡಿ ನೋವಾಗಿ ಏಳೆಂಟು ತಿಂಗಳು ಮಹಡಿಯಿಂದ ಕೆಳಗೆ ಇಳಿಯಲಿಲ್ಲ. ಆಗ ಮಗ ಅಂಗಡಿ ನೋಡಿಕೊಂಡ. ಚೆನ್ನಾಗಿಯೇ ನೋಡಿಕೊಂಡ, ಇಲ್ಲವೆನ್ನುವುದಿಲ್ಲ. ಹೊಸ ದೀಪ, ಹೊಸ ನಾಮಫಲಕ, ಮೂರು ಹೊಸ ಶಾಲೆಗಳ ಆರ್ಡರು. ಹೋದ ತಿಂಗಳು ಕೋಲು ಹಿಡಿದು ಅಂಗಡಿಗೆ ಹೋದೆ. ಪಕ್ಕದ ಗೋಡೆಯ ಹತ್ತಿರ ಒಬ್ಬಳು ತಾಯಿ ನಿಂತಿದ್ದಳು. ಕೈಯಲ್ಲಿ ಮಗಳ ಲಂಗ. ಮುಂದೆ ಮುಚ್ಚಿದ ಕಿಟಕಿ.

'ಅಜ್ಜೀ, ಈ ಕಿಟಕಿ ಯಾವಾಗ ತೆಗೀತಾರೆ?' ಎಂದು ಕೇಳಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

'ಏನಾಗಬೇಕಿತ್ತು?' ಎಂದೆ.

'ಮಡಿಕೆ ಬಿಚ್ಚಿಸ್ಬೇಕಿತ್ತು. ಆದ್ರೆ ನೋಡಿ' ಎಂದು ಲಂಗದ ಅಂಚನ್ನು ನನ್ನ ಕೈಗೇ ಕೊಟ್ಟಳು. ನಲವತ್ತೆಂಟು ವರ್ಷದ ಕೈ. ನೋಡಬೇಕಾಗಿಲ್ಲ, ಮುಟ್ಟಿದರೆ ಗೊತ್ತಾಗುತ್ತದೆ. ಒಳಗೆ ಏನೂ ಇಲ್ಲ. ಅರ್ಧ ಬೆರಳು. 'ಯಾಕಜ್ಜೀ, ನಮ್ಮ ಮಗು ಬೆಳೆಯಲ್ಲ ಅಂದ್ಕೊಂಡ್ರಾ ಇವರು?' ಎಂದಳು.

ಸಭಿಕರೇ, ನನ್ನನ್ನು ಬೈದವರಿದ್ದಾರೆ. ಗಯ್ಯಾಳಿ ಎಂದವರಿದ್ದಾರೆ. ಅವರಲ್ಲಿ ಇಬ್ಬರು ಈ ವೇದಿಕೆಯ ಮೇಲೇ ಇದ್ದಾರೆ. ಯಾವ ಮಾತೂ ನನಗೆ ತಾಗಿಲ್ಲ. ಆ ಮಾತು ತಾಗಿತು. ಅದು ನಾನೇ ಹಿಂದೊಮ್ಮೆ ಆಸ್ಪತ್ರೆಯ ಬಾಗಿಲಲ್ಲಿ ಕೇಳಬೇಕೆಂದು ನುಂಗಿಕೊಂಡ ಮಾತು.

ಒಳಗೆ ಹೋದೆ. ಅಚ್ಚುಗಳ ಅಂಚನ್ನೆಲ್ಲ ಕತ್ತರಿಸಿ ಹಾಕಿದ್ದರು. ಕತ್ತರಿಸಿದ ಪಟ್ಟಿಗಳು ಎಲ್ಲಿದ್ದವು ಗೊತ್ತೇ? ನನ್ನ ಮಗನ ಹೊಸ ಮೇಜು ಅಲುಗಾಡುತ್ತಿತ್ತು, ಅದರ ಕಾಲಿನ ಕೆಳಗೆ ಒತ್ತು ಕೊಟ್ಟಿದ್ದರು. ಒಂದನ್ನು ತಂದಿದ್ದೇನೆ. ಇಗೋ, ನನ್ನ ಯಜಮಾನರ ಕೈಬರಹ ಇನ್ನೂ ಇದರ ಮೇಲಿದೆ: 'ನಾಲ್ಕು ಬೆರಳು, ಮರೆಯಬಾರದು.'

'ಏನಪ್ಪಾ ಇದು?' ಎಂದೆ.

'ಅಮ್ಮಾ, ಕಾಲ ಬದಲಾಗಿದೆ. ಮಡಿಕೆ ಬಿಚ್ಚಿದ್ರೆ ಹಳೇ ಗೆರೆ ಕಾಣುತ್ತೆ. ಮಕ್ಕಳಿಗೆ ಅವಮಾನ' ಎಂದ.

'ವಿನೆಗರ್ ಸವರಿ ಇಸ್ತ್ರಿ ಹಾಕಿದ್ರೆ ಮುಕ್ಕಾಲು ಪಾಲು ಹೋಗುತ್ತೆ. ಉಳಿದದ್ದು ಕಾಣಲಿ. ಬೆಳೆದದ್ದಕ್ಕೆ ಯಾವ ಅವಮಾನ?'

'ನಮಗೂ ವ್ಯಾಪಾರ ಬೆಳೀಬೇಕಲ್ಲಮ್ಮಾ. ಮಾರುಕಟ್ಟೆ ಬೆಳೆಯುತ್ತೆ ಅಂತ ನಂಬೋದೇ ಆಶಾವಾದ.'

ಜಾಣ. ಮಾತಿನಲ್ಲಿ ಅವನನ್ನು ಗೆಲ್ಲುವುದು ಕಷ್ಟ, ನನ್ನ ಮಗನಲ್ಲವೇ? ಅದಕ್ಕೆ ಉತ್ತರವನ್ನು ಈಗ ಮೈಕಿನ ಮುಂದೆಯೇ ಹೇಳುತ್ತೇನೆ. ಮಾರುಕಟ್ಟೆ ಬೆಳೆಯುತ್ತದೆ ಎಂದು ನಂಬುವುದಕ್ಕೆ ಖರ್ಚೇನೂ ಇಲ್ಲ. ಮಗು ಬೆಳೆಯುತ್ತದೆ ಎಂದು ನಂಬುವುದಕ್ಕೆ ಬಟ್ಟೆ ಬೇಕು. ಕೈಯಿಂದ ಬಟ್ಟೆ ಹೋಗದ ನಂಬಿಕೆ ಬರೀ ಬಾಯಿಮಾತು. ಅದನ್ನು ಒಂಬತ್ತು ಸಲ ಬರೆದರೂ ಅಷ್ಟೇ, ತೊಂಬತ್ತು ಸಲ ಬರೆದರೂ ಅಷ್ಟೇ.

ಕಿಟಕಿ ಅಕ್ಕ ಎಲ್ಲಿ ಎಂದು ಕೇಳಿದೆ. ಕೆಲಸವಿಲ್ಲವೆಂದು ಕಳಿಸಿಬಿಟ್ಟಿದ್ದರು. ಇಪ್ಪತ್ತಾರು ವರ್ಷ ಕೂತವಳು ಕನ್ನಡಕ ಎತ್ತಿಕೊಂಡು ಹೋದಳಂತೆ. ಅವಳ ಮನೆ ಹುಡುಕಿಕೊಂಡು ಹೋದೆ. ಮೂರು ಮಹಡಿ, ಈ ಮಂಡಿ. ಬಾಗಿಲು ತೆಗೆದವಳು ಕೂರು ಎನ್ನಲಿಲ್ಲ.

'ಈಗ ದಾರಿ ಗೊತ್ತಾಯ್ತಾ ಅಮ್ಮೋರಿಗೆ?' ಎಂದಳು.

'ನಾಳೆಯಿಂದ ಬಾ' ಎಂದೆ.

'ಅಪ್ಪಣೆ ಕೊಟ್ರೆ ಬರಲ್ಲ. ಕೇಳ್ಕೊಂಡ್ರೆ ಯೋಚನೆ ಮಾಡ್ತೀನಿ.'

ನಾನು ಯಾರನ್ನೂ ಕೇಳಿಕೊಂಡವಳಲ್ಲ. ಆ ಡಾಕ್ಟರನ್ನೂ ಕೇಳಿಕೊಂಡಿರಲಿಲ್ಲ. ಅವತ್ತು ಆ ಬಾಗಿಲಲ್ಲಿ ಕೋಲು ಊರಿ ನಿಂತು ಕೇಳಿಕೊಂಡೆ. 'ನನ್ನ ಮನೆಯವರಿಂದ ತಪ್ಪಾಗಿದೆ, ಬಾರಮ್ಮಾ' ಎಂದೆ. ಅವಳು ಆಗ ಕೂರಿಸಿದಳು. ಆಮೇಲೆ ಇಬ್ಬರೂ ಸೇರಿ ನನ್ನ ಮಗನನ್ನು ಒಂದು ಗಂಟೆ ಬೈದೆವು. ಮನಸ್ಸು ಹಗುರವಾಯಿತು.

ಸರಿ. ಈಗ ಪೆಟ್ಟಿಗೆ. ಬಾಪ್ಪಾ, ಮೇಲೆ ಬಾ. ಎಲ್ಲರ ಮುಂದೆ ತೆಗೆ.

ಕತ್ತರಿ ಇಲ್ಲ, ಅಲ್ಲವೇ? ಇರುವುದು ಬೂದು ಬಣ್ಣದ ಒಂದು ಪ್ಯಾಂಟು. ಏಳು ವರ್ಷದವನದ್ದು. ಕಾಲಿನ ಹತ್ತಿರ ಮೂರು ಗೆರೆಗಳಿವೆ, ಬೆರಳಿಟ್ಟು ನೋಡು. ಒಂದು, ಎರಡು, ಮೂರು. ವಿನೆಗರ್‌ಗೂ ಹೋಗಲಿಲ್ಲ. ಹೋಗಲಿ ಎಂದು ನಾನೂ ತಿಕ್ಕಲಿಲ್ಲ. ಹಿಡಿದುಕೋ. ನಿನ್ನ ಪಾಲಿಗೆ ಇವತ್ತು ಬರುವುದು ಅದು.

ಸಂಘದ ಹಿರಿಯರೇ, ಆಮಂತ್ರಣ ಪತ್ರಿಕೆಯ ಕೊನೆಯ ಸಾಲನ್ನು ಹೊಡೆದುಹಾಕಿ. ನಾನು ಏನು ಮಾಡುತ್ತೇನೆ ಎಂದು ಹೇಳಲು ಇಲ್ಲಿ ನಿಂತಿಲ್ಲ, ಮಾಡಿ ಬಂದದ್ದನ್ನು ತಿಳಿಸುತ್ತಿದ್ದೇನೆ. ಯಜಮಾನರ ಕತ್ತರಿ ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಯಿಂದ ಕಿಟಕಿ ಅಕ್ಕನ ಕೈಯಲ್ಲಿದೆ. ಕತ್ತರಿಸುವ ಮೇಜಿಗೆ ಇನ್ನು ಅವಳೇ ಯಜಮಾನಿ. ಅಚ್ಚುಗಳನ್ನು ನಾವಿಬ್ಬರೂ ಹೊಸ ರಟ್ಟಿನಲ್ಲಿ ಮತ್ತೆ ಮಾಡಿದ್ದೇವೆ. ಈ ನಡುವೆ ನಮ್ಮಲ್ಲಿ ಮಡಿಕೆಯಿಲ್ಲದ ಸಮವಸ್ತ್ರ ತೆಗೆದುಕೊಂಡವರು, ಅದು ಗಿಡ್ಡವಾದ ದಿನ ತಂದು ಕೊಟ್ಟು ಹೊಸದನ್ನು ಒಯ್ಯಬಹುದು, ಏನೂ ಕೊಡಬೇಕಾಗಿಲ್ಲ ಎಂದು ಎಲ್ಲ ಶಾಲೆಗಳ ಗೇಟಿಗೂ ಚೀಟಿ ಅಂಟಿಸಿ ಆಗಿದೆ. ನಷ್ಟವಾಗುತ್ತದೆಯೇ? ಆಗುತ್ತದೆ. ಅಂಗಡಿ ಮುಳುಗುತ್ತದೆಯೇ? ಹಾಗೆಂದು ಹೇಳುವವರಿದ್ದಾರೆ. ಅವರು ವರ್ತಕರು, ದರ್ಜಿಗಳಲ್ಲ.

ಪಕ್ಕದ ಗೋಡೆಯ ಕಿಟಕಿಯನ್ನು ನನ್ನ ಕೈಯಾರೆ ತೆಗೆದು ಬಂದಿದ್ದೇನೆ. ಕೀಲು ತುಕ್ಕು ಹಿಡಿದಿತ್ತು, ಎಣ್ಣೆ ಹಾಕಿದೆ. ಅದರ ಮುಂದೆ ಒಂದು ಕುರ್ಚಿ ಇಟ್ಟಿದ್ದೇನೆ. ಪಕ್ಕದಲ್ಲಿ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ, ವಿನೆಗರ್ ಸೀಸೆ, ಇಸ್ತ್ರಿ ಪೆಟ್ಟಿಗೆ. ಆ ಕುರ್ಚಿ ನಿನ್ನದು, ಮಗನೇ. ಒಂದು ವರ್ಷ ಕೂತು ಊರಿನ ಮಕ್ಕಳ ಮಡಿಕೆ ಬಿಚ್ಚು. ಬೈಯುವುದನ್ನು ಅಕ್ಕ ಕಲಿಸುತ್ತಾಳೆ. ಅಂಗಡಿ ಯಾರಿಗೆ ಎಂಬ ಮಾತನ್ನು ಆಮೇಲೆ ಆಡೋಣ. ನೀನು ಬೆಳೆಯುತ್ತೀಯೆಂದು ಒಂದು ಸಲ ನಂಬಿದವಳು ನಾನು, ಇನ್ನೊಂದು ಸಲ ನಂಬುವುದು ನನಗೇನೂ ಕಷ್ಟವಲ್ಲ.

ಫಲಕ ಕೊಟ್ಟದ್ದಕ್ಕೆ, ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞತೆಗಳು. ಕಿಟಕಿಯ ಮುಂದೆ ಬೆಳಿಗ್ಗೆಯೇ ಹನ್ನೆರಡು ತಾಯಂದಿರು ಸಾಲಾಗಿ ನಿಂತಿದ್ದರು. ಅವರನ್ನು ಕಾಯಿಸಿ ಬಂದಿದ್ದೇನೆ, ನನಗೂ ನನ್ನ ಮಗನಿಗೂ ಹೊತ್ತಾಯಿತು. ನಮಸ್ಕಾರ.