ಹಾಲಪ್ಪನವರ ಮಗಳ ಕೋರ್ಟು

…ಈ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜಂತೆ, ಜಡ್ಜು. ತಪ್ಪು ತಿಳೀಬೇಡಿ ಹಾಲಪ್ಪನವರೇ, ನಿಮ್ಮ ಪ್ರಗತಿ ನನಗೂ ಮಗಳಿದ್ದ ಹಾಗೆ. ಆದರೂ ಜಡ್ಜ್ ಆದವಳು ಯುಗಾದಿ ಊಟದ ದಿನ ಒಬ್ಬಟ್ಟಿನ ಸಾಲಿನ ಪಕ್ಕ ನಿಂತುಕೊಂಡು, 'ನರಸಿಂಹ ಅಂಕಲ್, ನನಗೇ ವೋಟ್ ಮಾಡಿ' ಅಂತ ಕೈಮುಗಿಯೋದು ಅಂದ್ರೆ… ನಮ್ಮ ಮೈಸೂರಲ್ಲಿ ಮುನ್ಸೀಫರು ಮದುವೆಗೆ ಬಂದ್ರೆ ಅಕ್ಷತೆ ಹಾಕಿ, ಊಟ ಮಾಡದೆ ಹೋಗ್ತಿದ್ರು. ಇಲ್ಲಿ ನ್ಯಾಯಕ್ಕೂ ಚುನಾವಣೆ.

ಯಾಕೆ ನಗ್ತೀರಿ? ವೋಟ್ ಹಾಕಿದ್ದೇನೆ ನಾನು. ಹ್ಯೂಸ್ಟನ್ನಿನ ಬ್ಯಾಲೆಟ್ ಅಂದ್ರೆ ಹನುಮಂತನ ಬಾಲ. ಆ ಜಡ್ಜು, ಈ ಜಡ್ಜು… ಬೆರಳು ನೋಯೋವರೆಗೂ ಹುಡುಕಿ ನಿಮ್ಮ ಮಗಳ ಹೆಸರು ಒತ್ತಿ ಬಂದೆ.

ರಕ್ಷಿತ್ ಕೇಸಾ? ಅದಕ್ಕೆ ಬಂದೆ ಅಂದ್ಕೊಂಡ್ರಾ? ಛೆ. ಸೈಪ್ರೆಸ್ ಕಡೆ ಕೆಲಸವಿತ್ತು, ಹಾಗೇ ನಿಮ್ಮ ಮನೆಗೂ ಬಂದೆ. ನನ್ನ ಮಗ ಯಾವುದೋ ಪಾರ್ಟಿಯಲ್ಲಿ ಸ್ವಲ್ಪ ಕುಡಿದಿದ್ದ, ವಾಪಸ್ ಬರೋವಾಗ ಕಾರು ಒಂದು ಸೈಕಲ್ಲಿಗೆ ತಗುಲಿತು. ತಗುಲಿತು ಅಷ್ಟೆ. ಅದಕ್ಕೆ ಆರು ವರ್ಷ ಜೈಲು. ಅಪೀಲಲ್ಲೂ ಸೋತ. ಇನ್ನುಳಿದಿರೋದು ಆಸ್ಟಿನ್ನಿನ ಕಡೇ ಕೋರ್ಟೊಂದೇ. ಅದು ಬಿಡಿ, ನಾನು ಹೇಳ್ತಿದ್ದದ್ದು ಪ್ರಗತಿ ವಿಷಯ.

ಮೆಡಿಕಲ್ ಸೀಟ್ ಸಿಗಲಿಲ್ಲ ಅಂತ ಲಾ ಓದಿದ ಹುಡುಗಿ. ಅಲ್ವಾ? ಸಿಕ್ಕಿದ್ದನ್ನ ಅವಳೇ ಬೇಡ ಅಂದಳಾ? ಸರಿ, ಅಪ್ಪ ಹೇಳಿದ ಮೇಲೆ ಒಪ್ಪಬೇಕು. ಡಾಲಸ್‌ನಲ್ಲಿ ಅಷ್ಟು ವರ್ಷ ಲಾಯರಾಗಿ ಮಾಡಿದ್ದೇನು? ಆಲಿಕಲ್ಲು ಬಿದ್ದು ಸೂರು ತೂತಾದ್ರೆ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡಬೇಕಿಲ್ಲ ಅಂತ ವಾದಿಸಿದ್ದು. ಆಮೇಲೆ ಅಲ್ಲೇ ಸಣ್ಣ ಕೋರ್ಟಿನ ಜಡ್ಜು. ಆಸ್ಟಿನ್ನಲ್ಲಿ ಸುಪ್ರೀಂ ಕೋರ್ಟಿನ ಒಂದು ಕುರ್ಚಿ ಖಾಲಿಯಾಯ್ತು, ಗವರ್ನರು ಕರೆದು ಕೂರಿಸಿದ್ರು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ. ಅದನ್ನ ಉಳಿಸಿಕೊಳ್ಳೋಕೆ ಊರೂರಲ್ಲಿ ಕೈಮುಗಿದಳು. ಇದಕ್ಕೆ ಕರಿಯರ್ ಅಂತಾರೆ.

ಏನಂದ್ರಿ? ಕ್ರಿಮಿನಲ್ ಕೇಸು ಅವಳ ಕೋರ್ಟಿಗೆ ಬರೋದೇ ಇಲ್ವಾ? ಬರೀ ಸಿವಿಲ್ಲಾ? ಕ್ರಿಮಿನಲ್ಲಿಗೆ ಬೇರೆ ಕಡೇ ಕೋರ್ಟಾ… ಒಂದೇ ರಾಜ್ಯಕ್ಕೆ ಎರಡೆರಡಾ? ಯಾವ ಪುಣ್ಯಾತ್ಮನ ಏರ್ಪಾಡು ಇದು? ಮತ್ತೆ ಸುಪ್ರೀಂ ಅಂತ ಹೆಸರು ಯಾಕೆ? ಹಾಗಾದ್ರೆ ನಾನು ಬಂದದ್ದು… ಅಲ್ಲ, ಸುಮ್ಮನೇ ಬಂದೆ ಅಂದೆನಲ್ಲ.

ಆ ಇನ್ನೊಂದು ಕೋರ್ಟಿನವರು ಪ್ರಗತಿಗೆ ಪರಿಚಯ ಇರಲೇಬೇಕು. ಎದುರುಬದುರು ಸಿಗ್ತಾರೆ, ಕಾಫಿ ಕುಡೀತಾರೆ. ಒಂದೇ ಮಾತು. ಒಳ್ಳೇ ಮನೆತನದ ಹುಡುಗ, ಏನೋ ಆಗಿಹೋಯ್ತು ಅಂತ. ಅವಳು ಅಂಥವಳಲ್ಲ ಅಂತೀರಾ? ವೋಟಿಗೆ ಕೈಮುಗಿದವಳಿಗೆ ಇದೇನು ದೊಡ್ಡದು?

ಸೈಕಲ್ ಮೇಲೆ ಯಾರೂ ಇರಲಿಲ್ವಾ ಅಂತ ಕೇಳ್ತೀರಾ? ನಿಮ್ಮ ದಾಕ್ಷಾಯಣಮ್ಮನೂ ಕಾಫಿ ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

ಹೌದ್ರೀ, ಸೈಕಲ್ ಮೇಲೆ ಒಬ್ಬಳಿದ್ದಳು. ಸ್ಕೂಲ್ ಟೀಚರು. ಹಾಗೆ ನೋಡಬೇಡಿ. ಆಸ್ಪತ್ರೆಯಿಂದ ಬಿಟ್ಟಾಯ್ತು ಅವಳನ್ನ, ಮನೆಯಲ್ಲೇ ಇದ್ದಾಳೆ…

ಬೈದಾದ್ರೂ ಬೈಯಿರಿ ಹಾಲಪ್ಪನವರೇ.

ಗಾಲಿ ಕುರ್ಚಿಯಲ್ಲಿ ಬಂದಳು ಕೋರ್ಟಿಗೆ. ಅವಳಪ್ಪ ತಳ್ಳಿಕೊಂಡು ಬಂದ. ನಮ್ಮಿಬ್ಬರ ವಯಸ್ಸೇ ಇರಬೇಕು.