ಸೀಟಿನ ಮೇಲಿನ ಬೋಲ್ಟು

ಪಂಪಿನ ಬೆಲ್ಟಿಗೆಂದು ಬಿಡಿಭಾಗಗಳ ಅಂಗಡಿಯಲ್ಲಿ ಸರದಿಗೆ ನಿಂತಿದ್ದ ಮೇಷ್ಟ್ರಿಗೆ ಪರರ ಮಾತಿಗೆ ಕಿವಿಗೊಡುವ ಚಟವಿರಲಿಲ್ಲ. ಆದರೆ ಮುಂದಿದ್ದ ಅಕ್ಕ-ತಮ್ಮ ಇಬ್ಬರೂ ದನಿ ತಗ್ಗಿಸಿದ್ದೇ ತಡ, ಕಿವಿ ತಾನಾಗಿ ನೆಟ್ಟಗಾಯಿತು.

“ನಲವತ್ತು ವರ್ಷ ಅದೇ ಟ್ರ್ಯಾಕ್ಟರ್ ಓಡಿಸಿದೋರು, ಆಯಿಲ್ ಇಲ್ಲದೆ ಸ್ಟಾರ್ಟ್ ಮಾಡಿ ಇಂಜಿನ್ ಕೆಡಿಸಿಬಿಟ್ರಲ್ಲೋ,” ಎಂದಳು ಅಕ್ಕ.

“ಹಳೇ ಆಯಿಲ್ ಇಳಿಸಿದಾಗ ಅಪ್ಪ ಏನ್ ಮಾಡ್ತಾರೆ, ಹೇಳು.”

“ಇಂಜಿನ್ ತಳದಿಂದ ಬಿಚ್ಚಿದ ಬೋಲ್ಟನ್ನ ಸೀಟಿನ ಮೇಲಿಡ್ತಾರೆ. ಕೂರೋಕೆ ಹೋದ್ರೆ ಚುಚ್ಚಿ, ಹೊಸ ಆಯಿಲ್ ಹಾಕಿಲ್ಲ ಅನ್ನೋದು ನೆನಪಾಗಲಿ ಅಂತ.”

“ಅವತ್ತೂ ಇಟ್ಟಿದ್ರಕ್ಕಾ. ಸೀಟು ಒರೆಸ್ತಾ ನಾನೇ ತೆಗೆದು ಜೇಬಿಗೆ ಹಾಕ್ಕೊಂಡೆ, ಮರೆತೆ. ಊಟ ಮುಗಿಸಿ ಬಂದೋರು ಸೀಟು ಖಾಲಿ ನೋಡಿ, ತಾವೇ ಬೋಲ್ಟು ಹಾಕಿ ಆಯಿಲ್ ತುಂಬಿಯಾಗಿದೆ ಅಂದ್ಕೊಂಡು ಹತ್ತಿದ್ರು.”

ಅಕ್ಕ ತಮ್ಮನತ್ತ ತಿರುಗಿದಳು.

“ಬೋಲ್ಟನ್ನೂ ಎಲ್ಲೋ ಕಳೆದೆ ಅಂತ ಕೊರಗ್ತಿದಾರಲ್ಲೋ.”

“ನನ್ನ ಹತ್ರಾನೇ ಇದೆ.”

“ಬಾಗಿಲು ಹಾಕಿದ್ನಾ ಅಂತ ಮೂರ್ಮೂರು ಸಲ ನನ್ನ ಕೇಳ್ತಾರೆ ಕಣೋ. ಮರೆವಿನ ಕಾಯಿಲೆ ಬಂತು ಅಂತ ಹೆದರಿದಾರೆ.”

“ಗೊತ್ತು.”

“ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಇವತ್ತು ಹೇಳ್ತೀನಿ.”

ಅಂಗಡಿಯವನು ಹೊಸ ಬೋಲ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅಪ್ಪ ಮೊಣಕಾಲು ಹಿಡಿದು ಎದ್ದರು. ಮಗ ಏನೋ ಹೇಳಹೊರಟು, ಪೊಟ್ಟಣವನ್ನಷ್ಟೇ ಮುಂದೆ ಚಾಚಿದ.

ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು.

“ನಂಗೆ ಕೊಡಬೇಡಪ್ಪ. ನೀನೇ ಇಟ್ಕೊ, ನೀನಾದ್ರೆ ಮರೆಯಲ್ಲ.”

ಮಗ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಅವರ ಹಿಂದೆ ನಡೆದ.